ಓಣಿ ಪುಸ್ತಕ

ಆಗುವುದಿಲ್ಲ ಎಂದವರು ಯಾರೆಂದು ಮೊದಲೇ ಹೇಳಿಬಿಡುತ್ತೇನೆ. ಒಬ್ಬರು ನನ್ನ ದೊಡ್ಡಪ್ಪ. ಗಂಗಾವತಿಯಲ್ಲಿ ನಾನು ಬಿ.ಎ.ಗೆ ಹೆಸರು ಹಚ್ಚಿದ ದಿನ ನಮ್ಮಪ್ಪನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು, "ಹಮಾಲನ ಮಗಳು ಡಿಗ್ರಿ ಮುಗಸೂದು ಆಗಂಗಿಲ್ಲ. ನಡುವ ಬಿಡ್ತಾಳ. ಬೇಕಾದ್ರ ಬರದಿಟ್ಕೋ" ಎಂದರು. ನಮ್ಮಪ್ಪನಿಗೆ ಬರೆಯಲು ಬರುತ್ತಿರಲಿಲ್ಲವಾದ್ದರಿಂದ ಅದನ್ನು ಯಾರೂ ಬರೆದಿಟ್ಟುಕೊಳ್ಳಲಿಲ್ಲ. ಕೊಪ್ಪಳ ಬೇರೆ ಜಿಲ್ಲೆಯಾದ ವರ್ಷ ನಾನು ಎರಡನೇ ವರ್ಷದಲ್ಲಿದ್ದೆ. ಮುಂದಿನ ವರ್ಷ ಪಾಸಾದೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲ ತಲೆ ನನ್ನದು.

ಇನ್ನೊಬ್ಬರು ನಮ್ಮ ಪುರಸಭೆಯ ಹೆಡ್ ಕ್ಲರ್ಕ್. ಈ ಬರಹ ಅವರ "ಆಗಂಗಿಲ್ಲ"ದ ಬಗ್ಗೆ.

ಪರೀಕ್ಷೆ ಬರೆದು, ಎರಡು ಸಲ ಬಿದ್ದು, ಮೂರನೇ ಸಲಕ್ಕೆ ದ್ವಿತೀಯ ದರ್ಜೆ ಸಹಾಯಕಿಯಾಗಿ ನಮ್ಮ ಜಿಲ್ಲೆಯ ಒಂದು ಪುರಸಭೆಗೆ ಬಂದೆ. ಯಾವ ಊರೆಂದು ಬರೆಯುವುದಿಲ್ಲ. ಆ ಊರಿನಲ್ಲಿ ಈಗಲೂ ನನ್ನನ್ನು ಕರೆದು ಚಹಾ ಕೊಡುವ ಮನೆಗಳಿವೆ, ಅವು ಹಾಗೇ ಇರಲಿ. ನನ್ನನ್ನು ಕೂರಿಸಿದ್ದು ಜನನ-ಮರಣ ವಿಭಾಗದಲ್ಲಿ. ವಿಭಾಗ ಎಂದರೆ ಒಂದು ಮೇಜು, ಒಂದು ಕಿಟಕಿ, ಹಿಂದೆ ಒಂದು ದಾಖಲೆ ಕೋಣೆ.

ಪುರಸಭೆಯನ್ನು ಹೊರಗಿನಿಂದ ನೋಡಿದವರಿಗೆ ಅಧ್ಯಕ್ಷರು, ಮೆಂಬರು, ಠರಾವು ಇವೇ ಕಾಣುತ್ತವೆ. ಒಳಗೆ ಕುಳಿತವರಿಗೆ ಗೊತ್ತು, ಊರು ನಡೆಯುವುದು ಬೆಳಿಗ್ಗೆ ಹತ್ತಕ್ಕೆ ಕಿಟಕಿಯಲ್ಲಿ ತೂರಿ ಬರುವ ಮುಖಗಳಿಂದ. ಎಂಟು ದಿನಕ್ಕೊಮ್ಮೆ ಬರುವ ನೀರು ಇವತ್ತು ನಮ್ಮ ಓಣಿಗಾ, ಪಕ್ಕದ ಓಣಿಗಾ ಎಂದು ಕೇಳಲು ಬಂದವಳು ಕೊಡವನ್ನೂ ಹಿಡಿದುಕೊಂಡೇ ಬಂದಿರುತ್ತಿದ್ದಳು. ಕಂಬದ ಲೈಟು ಹಗಲೆಲ್ಲ ಉರಿದು ಕತ್ತಲಾದರೆ ಆರುತ್ತದೆ ಎಂದು ಒಬ್ಬ. ಹಂದಿ ಹಿಡಿಸಿರಿ ಎಂದು ಇನ್ನೊಬ್ಬ, ಹಿಡಿದ ಹಂದಿ ಬಿಡಿಸಿರಿ ಎಂದು ಅವನ ಹಿಂದೆಯೇ ಮತ್ತೊಬ್ಬ. ಇವರ ನಡುವೆ ನನ್ನ ಕಿಟಕಿಗೆ ಬರುವವರು ಮೆತ್ತಗೆ ಮಾತಾಡುತ್ತಿದ್ದರು. ಅವರಿಗೆ ಬೇಕಾದದ್ದು ಒಂದು ಹಾಳೆ. ಅದು ಎಂದು ಸಿಕ್ಕೀತು ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಏಕೆಂದರೆ ಹಳೆಯ ರಿಜಿಸ್ಟರುಗಳೆಲ್ಲ ದಾಖಲೆ ಕೋಣೆಯಲ್ಲಿ ಕೆಂಪು ಬಟ್ಟೆಯ ಗಂಟುಗಳಲ್ಲಿದ್ದವು. ಯಾವ ಗಂಟಿನಲ್ಲಿ ಯಾವ ವರ್ಷ ಎಂಬುದಕ್ಕೆ ಪಟ್ಟಿ ಇಲ್ಲ. ವರ್ಷ ಸಿಕ್ಕರೂ ಹೆಸರು ಹುಡುಕುವುದು ಹೇಗೆ? ಆ ಊರಿನ ಅರ್ಧ ಗಂಡಸರಿಗೆ ಮಠದ ಅಜ್ಜನ ಹೆಸರು, ಉಳಿದರ್ಧಕ್ಕೆ ಹನುಮಪ್ಪನ ಹೆಸರು. ಒಂದೇ ಪುಟದಲ್ಲಿ ಒಂದೇ ಹೆಸರಿನ ಮೂರು ಅಪ್ಪಂದಿರು ಸಿಗುತ್ತಿದ್ದರು.

"ಸರ್, ನಾನೊಂದು ಪಟ್ಟಿ ಮಾಡ್ತೀನ್ರಿ" ಎಂದೆ ಹೆಡ್ ಕ್ಲರ್ಕಿಗೆ.

ಅವರು ಪೆನ್ನಿನ ಟೋಪಿ ಹಾಕಿ ನನ್ನನ್ನು ನೋಡಿದರು. ಕೆಟ್ಟವರಲ್ಲ. ಮೂವತ್ತು ವರ್ಷ ಹತ್ತಿರ ಒಂದೇ ಕಟ್ಟಡದಲ್ಲಿ ಕುಳಿತು ದಣಿದವರು. "ಆಗಂಗಿಲ್ಲ ತಂಗಿ. ನನ್ನ ಮುಂದ ಮೂರು ಮಂದಿ ಸುರು ಮಾಡ್ಯಾರ. ಒಬ್ಬಾಂವ ಎರಡನೇ ಗಂಟು ಬಿಚ್ಚೂದರಾಗ ವರ್ಗ ತಗೊಂಡು ಕುಷ್ಟಗಿಗೆ ಹೋದ."

ಅಟೆಂಡರ್ ಕಾಕಾ ಬಾಗಿಲಲ್ಲಿ ನಿಂತು ಸೇರಿಸಿದ: "ಅದರಾಗ ಚೇಳು ಅದಾವ್ರೀ ಮೇಡಮ್ಮಾರ. ಡಿಗ್ರಿ ನೋಡಿ ಬಿಡಂಗಿಲ್ಲ ಅವು."

ನನಗೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಭಾನುವಾರ ಗಂಗಾವತಿಗೆ ಹೋಗಿ ಅಪ್ಪನ ಮುಂದೆ ಹೇಳಿಕೊಂಡೆ. ಅಪ್ಪ ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಿದ್ದ. ಗೋಡೌನಿನಲ್ಲಿ ಸಾವಿರ ಚೀಲದ ನಡುವೆ ಯಾರ ಚೀಲ ಎಲ್ಲಿದೆ ಎಂದು ಕೇಳಿದರೆ ನಿಂತಲ್ಲಿಂದಲೇ ಕೈ ತೋರಿಸುತ್ತಿದ್ದ. ಅವನಿಗೆ ಚೀಲದ ಮೇಲಿನ ಅಕ್ಷರ ಓದಲು ಬರುತ್ತಿರಲಿಲ್ಲ.

"ಹೆಸರು ಹಿಡದು ಹುಡುಕಿದ್ರ ಯಾವಾಗ ಸಿಗಬೇಕವ್ವಾ?" ಎಂದ ಅಪ್ಪ, ತಂಬಾಕು ತಿಕ್ಕುತ್ತ. "ನಾವು ಊರು ಹಿಡದು ಒಟ್ಟತೀವಿ. ಕಾರಟಗಿ ಗಾಡಿ ಬಂತಾ, ಆ ಗ್ವಾಡಿಗೆ. ಕನಕಗಿರಿದು ಬಂತಾ, ಈ ಗ್ವಾಡಿಗೆ. ಮೊದಲ ಎಲ್ಲಿಂದ ಬಂತು ಅಂತ ಕೇಳು. ಯಾರದು ಅನ್ನೂದು ಆಮ್ಯಾಲ ತಾನ ಸಿಗತೈತಿ."

ಸೋಮವಾರ ಬಂದವಳೇ ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಂಡು, ಒಂದೊಂದು ಓಣಿಗೆ ಇಷ್ಟಿಷ್ಟು ಪುಟ ಎಂದು ಬಿಟ್ಟು, ದಿನಾ ಮಧ್ಯಾಹ್ನ ಮೂರಕ್ಕೆ ಕಿಟಕಿ ಮುಚ್ಚಿದ ಮೇಲೆ ಗಂಟು ಬಿಚ್ಚತೊಡಗಿದೆ. ಕೂಸು ಯಾವ ಓಣಿಯಲ್ಲಿ ಹುಟ್ಟಿತು, ಯಾವ ವರ್ಷ, ಯಾವ ತಿಂಗಳು, ಗಂಡೋ ಹೆಣ್ಣೋ, ರಿಜಿಸ್ಟರಿನ ಎಷ್ಟನೇ ಪುಟ. ಇಷ್ಟೇ. ಹೆಡ್ ಕ್ಲರ್ಕ್ ನೋಡಿ, "ಓಣಿ ಹಿಡದು ಹುಡುಕಾಕ ಇದೇನು ಟಪಾಲ ಹಂಚೂದೇನು?" ಎಂದು ನಕ್ಕರು. ಕಾಕಾ ಮಾತ್ರ ಎರಡನೇ ವಾರದಿಂದ ಗಂಟು ಇಳಿಸಿ ಕೊಡತೊಡಗಿದ. ಚೇಳು ಒಂದೇ ಸಿಕ್ಕಿದ್ದು. ಅದೂ ಸತ್ತದ್ದು.

ದಸರೆಗೆ ಹಿಡಿದದ್ದು ಯುಗಾದಿ ಹೊತ್ತಿಗೆ ಮುಗಿಯಿತು. ಎರಡು ನೋಟ್‌ಬುಕ್ ಆಯಿತು. ದಾರದಿಂದ ಹೊಲಿದು ಒಂದು ಮಾಡಿದೆ. ಕಾಕಾ ಅದಕ್ಕೆ "ಓಣಿ ಪುಸ್ತಕ" ಎಂದು ಹೆಸರಿಟ್ಟ. ಹೆಡ್ ಕ್ಲರ್ಕ್ ಕೈಯಲ್ಲಿ ತೂಗಿ ನೋಡಿ, "ಬರಿಯೂದು ಬರದೀ ಬಿಡು. ಕೆಲಸಕ್ಕ ಬರೂದು ಆಗಂಗಿಲ್ಲ" ಎಂದು ಮೇಜಿನ ಮೇಲಿಟ್ಟರು.

ಆ ಬೇಸಿಗೆಯಲ್ಲೇ, ಒಂದು ಗುರುವಾರ, ನಮ್ಮದೇ ಪುರಸಭೆಯ ಕಸ ಗುಡಿಸುವ ಅಕ್ಕ ಕಿಟಕಿಗೆ ಬಂದಳು. ದಿನಾ ನಸುಕಿನಲ್ಲಿ ಬಸ್ ಸ್ಟ್ಯಾಂಡು ಗುಡಿಸುವವಳು. ಅವಳ ಹಿಂದೆ ಎರಡು ಜಡೆಯ ಮಗಳು, ಅವಳ ಹಿಂದೆ ಅಕ್ಕನ ತಮ್ಮ. ಬಸ್ ಸ್ಟ್ಯಾಂಡಿನ ಎದುರು ಸೈಕಲ್ ಪಂಕ್ಚರ್ ತಿದ್ದುವವನು. ಹುಡುಗಿ ಸರ್ಕಾರಿ ವಸತಿ ಶಾಲೆಯ ಪರೀಕ್ಷೆ ಬರೆದು ಆಯ್ಕೆಯಾಗಿದ್ದಳು. ಊಟ, ಬಟ್ಟೆ, ಪುಸ್ತಕ ಎಲ್ಲ ಅಲ್ಲೇ, ಹತ್ತನೇ ಇಯತ್ತೆಯವರೆಗೆ. ಆದರೆ ಈಗ ಓದುತ್ತಿದ್ದ ಶಾಲೆಯ ದಾಖಲೆಯ ಪ್ರಕಾರ ಅವಳ ವಯಸ್ಸು ಅಲ್ಲಿಯ ಮಿತಿ ದಾಟಿತ್ತು.

"ಅದು ನಾನ ಮಾಡಿದ ತಪ್ಪು ರೀ" ಎಂದಳು ಅಕ್ಕ. "ನಸಿಕಿನ್ಯಾಗ ಕಸಾ ಹೊಡಿಯಾಕ ಬರಬೇಕು. ಕೂಸಿನ ಯಾರ ಕೈಯಾಗ ಬಿಡ್ಲಿ? ಐದು ತುಂಬೂದಕ್ಕ ಮೊದಲ ಸಾಲಿಗೆ ಒಯ್ದು, ಆರು ತುಂಬ್ಯಾವ ಅಂತ ಸುಳ್ಳ ಹೇಳಿ ಬಿಟ್ಟು ಬಂದೆ. ಮಾಸ್ತರು ಜೂನ್ ಒಂದು ಅಂತ ಬರಕೊಂಡ್ರು."

ಜೂನ್ ಒಂದು. ನಮ್ಮ ಕಡೆ ಶಾಲೆಗೆ ಹೋದವರೆಲ್ಲ ಹುಟ್ಟಿದ ದಿನ. ನನ್ನದೂ ಅದೇ, ನನ್ನ ತಮ್ಮನದೂ ಅದೇ, ನಮ್ಮ ಹೆಡ್ ಕ್ಲರ್ಕಿನದೂ ಅದೇ. ನಿವೃತ್ತಿಯೂ ಎಲ್ಲರದೂ ಒಂದೇ ದಿನ ಬರುತ್ತದೆ.

ವಸತಿ ಶಾಲೆಯವರು ಹೇಳಿದ್ದು ನೇರವಾಗಿತ್ತು: ಸೋಮವಾರದೊಳಗೆ ಪುರಸಭೆಯ ಜನನ ಪ್ರಮಾಣಪತ್ರ ತಂದು ಖರೇ ವಯಸ್ಸು ತೋರಿಸಿದರೆ ಸೀಟು, ಇಲ್ಲದಿದ್ದರೆ ಪಟ್ಟಿಯಲ್ಲಿ ಮುಂದಿನ ಹುಡುಗಿಗೆ.

ಹೆಡ್ ಕ್ಲರ್ಕ್ ತಾವೇ ಎದ್ದು ರಿಜಿಸ್ಟರ್ ತೆಗೆದರು. ಮಗಳು ಹುಟ್ಟಿದ್ದು ನಾಗರ ಪಂಚಮಿಯ ಮರುದಿನ ಎಂದು ಅಕ್ಕನಿಗೆ ಚೆನ್ನಾಗಿ ನೆನಪಿತ್ತು. ಆ ವರ್ಷದ ಶ್ರಾವಣದ ಪುಟಗಳಲ್ಲಿ ಅಕ್ಕನ ಗಂಡನ ಹೆಸರು ಹುಡುಕಿದರು. ಆತ ಮನೆ ಕಟ್ಟುವ ಗೌಂಡಿ, ಗೋವಾಕ್ಕೆ ದುಡಿಯಲು ಹೋಗಿದ್ದ. ಆ ಹೆಸರು ಸಿಗಲಿಲ್ಲ. ಹಿಂದಿನ ವರ್ಷದಲ್ಲೂ ಇಲ್ಲ, ಮುಂದಿನ ವರ್ಷದಲ್ಲೂ ಇಲ್ಲ.

"ಇಲ್ಲಬೇ. ಬರಸೇ ಇಲ್ಲ ನೀವು" ಎಂದರು.

ಅಕ್ಕನ ತಮ್ಮ ಮುಂದೆ ಬಂದ. "ಬರಸೇವ್ರಿ ಸಾಹೇಬ್ರ. ಇದ ಕಿಟಕ್ಯಾಗ ನಾನ ನಿಂತು ಬರಸೀನಿ."

"ಬರಸಿದ್ರ ಇರತಿತ್ತಲ್ಲೋ. ರಿಜಿಸ್ಟರಿಗೇನು ಕಾಲ ಅದಾವೇನು?" ಎಂದು ಹೆಡ್ ಕ್ಲರ್ಕ್ 'ನಮೂದು ಲಭ್ಯವಿಲ್ಲ' ಎಂಬ ಪತ್ರ ಬರೆಯಲು ಹಾಳೆ ತೆಗೆದುಕೊಂಡರು.

ಆ ಪತ್ರದ ಅರ್ಥ ನನಗೆ ಗೊತ್ತಿತ್ತು. ರಿಜಿಸ್ಟರಿನಲ್ಲಿ ಇಲ್ಲ ಎಂದು ಒಮ್ಮೆ ಸಹಿಯಾಯಿತೆಂದರೆ ಹೊಸದಾಗಿ ಬರೆಸಲು ಕೋರ್ಟಿನ ಆದೇಶ ಬೇಕು. ವಕೀಲರು, ತಾರೀಖು, ತಿಂಗಳುಗಳು. ಸೋಮವಾರಕ್ಕೆ ಉಳಿದದ್ದು ಮೂರೇ ದಿನ.

"ಸರ್, ಒಂದು ದಿನ ಕೊಡ್ರಿ. ಓಣಿ ಪುಸ್ತಕ ನೋಡ್ತೀನಿ."

"ಅಪ್ಪನ ಹೆಸರ ಇಲ್ಲಂದ ಮ್ಯಾಲ ಓಣಿ ಏನು ಮಾಡತೈತಿ ತಂಗಿ?" ಎಂದರು. ಆದರೂ ಹಾಳೆಯನ್ನು ಮಡಚಿ ಡ್ರಾವರಿಗೆ ಹಾಕಿದರು. "ನಾಳೆ ಸಂಜಿ ತನಕ. ಸುಮ್ಮನ ಅವರಿಗೆ ಆಸೆ ಹಚ್ಚಬ್ಯಾಡ."

ಅಕ್ಕನ ಮನೆಯ ಓಣಿಯ ಪುಟ ತೆಗೆದೆ. ಆ ವರ್ಷ ಆ ಓಣಿಯಲ್ಲಿ ಶ್ರಾವಣದಲ್ಲಿ ಹುಟ್ಟಿದ್ದು ಎರಡೇ ಕೂಸು, ಎರಡೂ ಗಂಡು. ಮೇಲಿಂದ ಕೆಳಗೆ ಮೂರು ಸಲ ಬೆರಳಿಟ್ಟು ನೋಡಿದೆ. ಐದೂವರೆಗೆ ಕಾಕಾ ಬೀಗದ ಕೈ ಹಿಡಿದು ಬಂದು ನಿಂತ. ಆರು ತಿಂಗಳು ಮಾಡಿದ ಪುಸ್ತಕ ಮೊದಲ ಸಲ ಕೆಲಸಕ್ಕೆ ಬೇಕಾದಾಗಲೇ ಕೈ ಕೊಟ್ಟಿತು ಎಂದುಕೊಂಡು ಮನೆಗೆ ಹೋದೆ.

ಶುಕ್ರವಾರ ಬೆಳಿಗ್ಗೆ ನಾನು ಆಫೀಸಿಗೆ ಬಂದಾಗ ಅಕ್ಕ ಬಸ್ ಸ್ಟ್ಯಾಂಡಿನ ಕೆಲಸ ಮುಗಿಸಿ ನಮ್ಮ ಅಂಗಳದ ಬೇವಿನ ಗಿಡದ ಕೆಳಗೆ ಕಸಬರಗಿ ಮಗ್ಗುಲಿಗಿಟ್ಟುಕೊಂಡು ಚಹಾ ಕುಡಿಯುತ್ತಿದ್ದಳು. ನಾನೂ ಅವಳ ಪಕ್ಕದಲ್ಲಿ ಕುಳಿತೆ. ಹೇಗೆ ಹೇಳುವುದೆಂದು ತಿಳಿಯದೆ ಅದೂ ಇದೂ ಕೇಳಿದೆ. ಪಂಚಮಿ ಎಂದು ಅಷ್ಟು ಗಟ್ಟಿಯಾಗಿ ಹೇಗೆ ನೆನಪು ಎಂದೆ.

"ಪಂಚಮಿ ದಿನ ಸಂಜಿಕ ಉಂಡಿ ಕಟ್ಟಾಕ ಕುಂತಿದ್ದೆ, ಬ್ಯಾನಿ ಸುರು ಆದ್ವು. ನಮ್ಮವ್ವ ಬೆಲ್ಲದ ಕೈಲೇ ಓಡಿ ಹೋಗಿ ಸೂಲಗಿತ್ತಿನ ಕರಕೊಂಡು ಬಂದ್ಲು."

"ನಿಮ್ಮವ್ವ? ನಿಮ್ಮವ್ವ ನಿಮ್ಮ ಮನ್ಯಾಗ ಇದ್ಲೇನು?"

ಅಕ್ಕ ಚಹಾದ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದಳು. "ಅಕಿ ಯಾಕ ನಮ್ಮನಿಗೆ ಬರ್ತಾಳ್ರಿ? ನಾನ ಅಲ್ಲಿಗೆ ಹೋಗಿದ್ದೆ. ಚೊಚ್ಚಲ ಬಾಣಂತನ ತವರಮನಿ ಬಿಟ್ಟು ಯಾರು ಮಾಡ್ತಾರ? ಇಷ್ಟೂ ಗೊತ್ತಿಲ್ಲೇನ್ರಿ ನಿಮಗ? ಏನು ಡಿಗ್ರಿ ಓದೀರಿ?"

ನಾನು ಓಡಿದೆ. ಸೀರೆಯ ನೆರಿಗೆ ಹಿಡಿದುಕೊಂಡು ಓಡಿದ್ದನ್ನು ನೋಡಿ ತೆರಿಗೆ ವಿಭಾಗದವರು ಎಲ್ಲೋ ಬೆಂಕಿ ಬಿತ್ತೆಂದು ಎದ್ದು ನಿಂತರಂತೆ. ಅಪ್ಪ ಹೇಳಿದ್ದನ್ನೇ ನಾನು ಮರೆತಿದ್ದೆ. ಮೊದಲು ಎಲ್ಲಿಂದ ಬಂತು ಎಂದು ಕೇಳು ಎಂದಿದ್ದ. ನಾನು ಕೇಳದೆ ಗಂಡನ ಮನೆಯ ಓಣಿ ಹುಡುಕಿದ್ದೆ.

ಅಕ್ಕನ ತವರುಮನೆ ಅದೇ ಊರಿನ ಇನ್ನೊಂದು ತುದಿ, ಯಲಬುರ್ಗಾ ರಸ್ತೆಯ ಕಡೆಯ ಓಣಿ. ಆ ಓಣಿಯ ಪುಟ, ಆ ವರ್ಷ, ಶ್ರಾವಣ. ಒಂದೇ ಒಂದು ಸಾಲು. ರಿಜಿಸ್ಟರಿನ ಪುಟ ತೆರೆದೆ. ಪಂಚಮಿಯ ಮರುದಿನ. ಹೆಣ್ಣು. ಕೂಸಿನ ಹೆಸರಿನ ಜಾಗ ಖಾಲಿ. ತಾಯಿ, ನಮ್ಮ ಅಕ್ಕ. ತಂದೆ ಎಂಬಲ್ಲಿ ಅಕ್ಕನ ತಮ್ಮನ ಹೆಸರು. ಮಾಹಿತಿ ಕೊಟ್ಟವರು ಎಂಬಲ್ಲೂ ಅದೇ ಹೆಸರು.

ಕೂಸನ್ನು ಬರೆಸಲು ಬಂದವನು ಸೋದರಮಾವ. ಬಂದವನೇ ಅಪ್ಪ ಎಂದು ಬರೆದವರು ಬರೆದುಬಿಟ್ಟಿದ್ದರು. ಚೊಚ್ಚಲ ಬಾಣಂತನ ತವರಿನಲ್ಲಿ ನಡೆಯುವ ಊರಿನಲ್ಲಿ ಗಂಡ ಬಂದು ಎಲ್ಲಿ ಬರೆಸುತ್ತಾನೆ?

ಬರೆದ ಅಕ್ಷರ ನೋಡಿದೆ. ತಲೆಕಟ್ಟು ಸ್ವಲ್ಪ ಎಡಕ್ಕೆ ವಾಲಿದ, ದುಂಡಗಿನ, ಅಚ್ಚುಕಟ್ಟಾದ ಅಕ್ಷರ. ದಿನಾ ನನ್ನ ಕಡತಗಳ ಮೇಲೆ ಟಿಪ್ಪಣಿ ಬರುವ ಅಕ್ಷರ. ರಿಜಿಸ್ಟರನ್ನು ಎತ್ತಿಕೊಂಡು ಹೋಗಿ ಹೆಡ್ ಕ್ಲರ್ಕಿನ ಮುಂದೆ ತೆರೆದಿಟ್ಟೆ.

ಅವರು ಕನ್ನಡಕ ಹಾಕಿಕೊಂಡರು. ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇದು ನನ್ನ ಕೈ" ಎಂದರು.

ಆ ಸಾಲಿನ ಮೇಲೆ ಬೆರಳಿಟ್ಟರು.

"ಆ ವರ್ಷ ಈ ಕಿಟಕಿಗೆ ನಾನ ಕುಂದರತಿದ್ದೆ. ಸಾಲು ಗೇಟಿನ ತನಕ ಇರತಿತ್ತು. ಯಾರು, ಏನು ಅಂತ ಕೇಳೂದು ಎಲ್ಲಿ? ಬಂದವರ ಹೆಸರು ಬರಕೋಂತ ಹೋದೆ." ಪುಟ ತಿರುವಿದರು, ಇನ್ನೊಂದು ತಿರುವಿದರು. "ಹಿಂಗ ಇನ್ನ ಎಷ್ಟ ಮಂದಿ ಮಾವಂದ್ರನ್ನ ಅಪ್ಪ ಮಾಡೀನೋ."

ನನಗೆ ಗೆದ್ದೆನೆಂದು ಹೇಳಿಕೊಳ್ಳುವ ಆಸೆ ಇತ್ತು. ಅವರ ಮುಖ ನೋಡಿ ನುಂಗಿಕೊಂಡೆ. ಅವರೇ ಎದ್ದು ಕಪಾಟಿನಿಂದ ನಿಯಮದ ಪುಸ್ತಕ ತೆಗೆದು ತಪ್ಪು ತಿದ್ದುವ ಕಲಮು ಹುಡುಕಿದರು. ನಮೂದು ಇದ್ದ ಮೇಲೆ ಕೋರ್ಟು ಬೇಕಿಲ್ಲ. ನೋಂದಣಾಧಿಕಾರಿಯೇ ತಿದ್ದಬಹುದು. ಮೊದಲು ಬರೆದದ್ದನ್ನು ಅಳಿಸುವಂತಿಲ್ಲ, ಪಕ್ಕದ ಅಂಚಿನಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಅದಕ್ಕೆ ಸಂಗತಿ ಗೊತ್ತಿರುವ, ನಂಬುವಂಥ ಇಬ್ಬರ ಹೇಳಿಕೆ ಬೇಕು.

"ನಂಬುವಂಥ ಇಬ್ಬರು ಅಂದ್ರ..." ಎಂದು ಅವರು ಗಲ್ಲ ಕೆರೆದುಕೊಂಡರು. "ಒಬ್ಬರು ಡಾಕ್ಟರ್ ಇರ್ಲಿ, ಒಬ್ಬರು ಆ ವಾರ್ಡಿನ ಮೆಂಬರ್ ಇರ್ಲಿ."

"ಸಂಗತಿ ಗೊತ್ತಿರುವ ಅಂತ ಬರದೈತ್ರಿ ಸರ್. ಮೆಂಬರು ಆವತ್ತು ಬಾಣಂತಿ ಕೋಣ್ಯಾಗ ಇದ್ರೇನು?"

ಕಾಕಾ ನಗು ತಡೆಯಲಾರದೆ ಹೊರಗೆ ಹೋದ. ಹೆಡ್ ಕ್ಲರ್ಕಿಗೂ ನಗು ಬಂತು. "ನಿನ್ನ ಸಾಕ್ಷಿ ಯಾರದಾರ, ಕರಕೊಂಡು ಬಾ ಹೋಗು."

ಶನಿವಾರ ಬೆಳಿಗ್ಗೆ ಇಬ್ಬರು ಬಂದರು. ಒಬ್ಬಾಕೆ ಆ ಓಣಿಯ ಸೂಲಗಿತ್ತಿ, ಎಂಬತ್ತು ದಾಟಿದ ಮುಸ್ಲಿಂ ಅಜ್ಜಿ. ಪಂಕ್ಚರ್ ಅಂಗಡಿಯ ತಮ್ಮ ಅವಳನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿ ತಳ್ಳಿಕೊಂಡು ಬಂದಿದ್ದ. ಇನ್ನೊಬ್ಬ ನಮ್ಮ ಪೌರಕಾರ್ಮಿಕರ ಮುಕದ್ದಮ. ದಿನಾ ಹಾಜರಿ ಹಾಕುವವನು.

"ಕೂಸು ಹುಟ್ಟಿದ ದಿನ ನೆನಪೈತೇನಜ್ಜಿ?" ಎಂದು ಹೆಡ್ ಕ್ಲರ್ಕ್ ಕೇಳಿದರು.

"ಯಾಕ ಇಲ್ಲ ಬೇಟಾ? ಪಂಚಮಿ ಮರುದಿನ. ಹೊಕ್ಕಳ ಕತ್ತರಿಸಿ ಕೈ ತೊಳಕೊಂಡ ಮ್ಯಾಲ ಶೇಂಗಾ ಉಂಡಿ ಕೊಟ್ಟಿದ್ರು. ಆವಾಗ ನನಗ ಹಲ್ಲ ಇದ್ವು."

"ಅಪ್ಪ ಯಾರು?"

"ಗೌಂಡಿ. ಐದನೇ ದಿನ ಬಂದು ಬಾಗಿಲದಾಗ ನಿಂತು ಅತ್ತ. ಹೆಣ್ಣಂತ ಅಲ್ಲ ಮತ್ತ, ಖುಷಿಲೇ ಅತ್ತ. ಬರಕೋ ಅದನ್ನೂ."

ಮುಕದ್ದಮನದು ಇನ್ನೂ ಚಿಕ್ಕದು. "ಆಕಿ ಹಡಿಯಾಕ ಹೋದಾಗ ಬಸ್ ಸ್ಟ್ಯಾಂಡ್ ಕಸಾ ನಾನ ಹೊಡದೀನ್ರಿ ಸರ್. ನನ್ನ ಸೊಂಟಕ್ಕ ಇನ್ನೂ ನೆನಪೈತಿ. ಆಕಿ ಗಂಡನೂ ಗೊತ್ತು, ಈ ತಮ್ಮನೂ ಗೊತ್ತು. ಇಬ್ಬರೂ ಬ್ಯಾರೆ ಬ್ಯಾರೆ ಮನಷ್ಯಾರು."

ಅಜ್ಜಿಯ ಹೆಬ್ಬೆಟ್ಟು, ಮುಕದ್ದಮನ ಸಹಿ. ಹೇಳಿಕೆಯನ್ನು ನಾನು ಬರೆಯಲು ಹೋದರೆ ಹೆಡ್ ಕ್ಲರ್ಕ್ ಪೆನ್ನು ಕಸಿದುಕೊಂಡರು. "ತಪ್ಪು ನಾನು ಬರದೀನಿ, ತಿದ್ದೂದೂ ನಾನ ಬರೀತೀನಿ" ಎಂದು ಅಂಚಿನಲ್ಲಿ ಅದೇ ಎಡಕ್ಕೆ ವಾಲಿದ ಅಕ್ಷರಗಳಲ್ಲಿ ತಂದೆಯ ಹೆಸರು ಬರೆದರು. ಕೂಸಿನ ಹೆಸರಿನ ಖಾಲಿ ಜಾಗವನ್ನೂ ತುಂಬಿದರು. ಹುಡುಗಿಯನ್ನು ಕರೆದು, "ಸರಿ ಐತೇನು ನೋಡವ್ವಾ, ಒತ್ತು ದೀರ್ಘ ಎಲ್ಲಾ" ಎಂದು ಅವಳಿಂದ ಓದಿಸಿದರು. ಹತ್ತು ವರ್ಷದ ಹುಡುಗಿಯ ಮುಂದೆ ಮೂವತ್ತು ವರ್ಷದ ನೌಕರ ಹಾಗೆ ರಿಜಿಸ್ಟರ್ ತಿರುಗಿಸಿ ಹಿಡಿದದ್ದನ್ನು ನಾನು ಮುಂದೆ ಎಂದೂ ನೋಡಲಿಲ್ಲ.

ಉಳಿದದ್ದು ಮುಖ್ಯಾಧಿಕಾರಿಗಳ ಸಹಿ. ನಮ್ಮಲ್ಲಿ ಅವರೇ ನೋಂದಣಾಧಿಕಾರಿ. ಅವರು ಕೊಪ್ಪಳದ ಸಭೆಗೆ ಹೊರಟು ಜೀಪು ಹತ್ತಿದ್ದರು. ಕಾಕಾ, ದಸರೆಗೆ ಮೊದಲು ಚೇಳಿನ ಹೆದರಿಕೆ ಹಾಕಿದ್ದ ಅದೇ ಕಾಕಾ, ಗೇಟು ಎಳೆದು ಮುಚ್ಚಿ ಅದರ ಮುಂದೆ ನಿಂತುಬಿಟ್ಟ. "ಒಂದ ಸಹಿ ರೀ ಸಾಹೇಬ್ರ. ಗೇಟಿನ ಚಿಲಕ ಭಾಳ ಬಿಗಿ ಆಗೈತಿ, ತಗಿಯಾಕ ಎರಡು ನಿಮಿಷ ಬೇಕು."

ಸಾಹೇಬರು ಜೀಪಿನ ಬಾನೆಟ್ ಮೇಲೆ ರಿಜಿಸ್ಟರ್ ಇಟ್ಟು ಹೇಳಿಕೆಗಳನ್ನು ಪೂರ್ತಿ ಓದಿದರು. "ಖುಷಿಲೇ ಅತ್ತ" ಎಂಬಲ್ಲಿ ನಿಂತು, "ಇದನ್ನ ಯಾಕ ಬರದ್ರಿ?" ಎಂದರು.

"ಅಜ್ಜಿ ಬರಕೋ ಅಂದ್ಲು ಸರ್" ಎಂದರು ಹೆಡ್ ಕ್ಲರ್ಕ್, ಗಂಭೀರವಾಗಿ.

ಸಾಹೇಬರು ಸಹಿ ಹಾಕಿದರು. ಪ್ರಮಾಣಪತ್ರದ ಮೇಲೆ ಇನ್ನೊಂದು ಸಹಿ. ನಾನು ಗೋಲ ಶಿಕ್ಕಾ ಒತ್ತಿದೆ. ಗುರುತು ಪೂರ್ತಿ ಮೂಡಲೆಂದು ಎರಡೂ ಕೈಯಿಂದ ಒತ್ತಿದೆ. ಚಿಲಕ ತಕ್ಷಣ ಸಡಿಲಾಯಿತು.

ಹೆಡ್ ಕ್ಲರ್ಕ್ ಓಣಿ ಪುಸ್ತಕವನ್ನು ಮೇಜಿನಿಂದ ಎತ್ತಿ, ಧೂಳು ಹೊಡೆದು, ತಮ್ಮ ಸ್ವಂತ ಕಪಾಟಿನಲ್ಲಿಟ್ಟರು. ಸೋಮವಾರದಿಂದ ನಾವಿಬ್ಬರೂ ಮೂರಕ್ಕೆ ಕಿಟಕಿ ಮುಚ್ಚಿ ಹಳೆಯ ರಿಜಿಸ್ಟರುಗಳಲ್ಲಿ ಅಪ್ಪನಾಗಿ ಕುಳಿತ ಮಾವಂದಿರನ್ನೂ ತಾತಂದಿರನ್ನೂ ಹುಡುಕತೊಡಗಿದೆವು. ಅವರು ನಿವೃತ್ತರಾಗುವವರೆಗೂ ಆ ಕೆಲಸ ನಡೆಯಿತು. "ಆಗಂಗಿಲ್ಲ" ಎಂಬ ಮಾತನ್ನು ಅವರ ಬಾಯಲ್ಲಿ ಮತ್ತೆ ಕೇಳಿದ್ದು ಒಮ್ಮೆ ಮಾತ್ರ, ಯಾರೋ ಆ ಪುಸ್ತಕವನ್ನು ಮನೆಗೊಯ್ಯುತ್ತೇನೆ ಎಂದಾಗ.

ಆ ಶನಿವಾರ ಪ್ರಮಾಣಪತ್ರವನ್ನು ನಾನು ಕಿಟಕಿಯಿಂದ ಕೊಡಲಿಲ್ಲ. ಎದ್ದು ಅಂಗಳಕ್ಕೆ ಹೋಗಿ ಬೇವಿನ ಗಿಡದ ಕೆಳಗೆ ಅಕ್ಕನ ಕೈಗೆ ಕೊಟ್ಟೆ. ಅವಳು ಎರಡೂ ಕೈ ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡಳು. ಓದಲು ಬಾರದು, ಆದರೂ ಮೇಲಿಂದ ಕೆಳಗೆ ನೋಡಿ ಮಗಳ ಕೈಗೆ ದಾಟಿಸಿದಳು. ಹುಡುಗಿ ಗಟ್ಟಿಯಾಗಿ ಓದಿದಳು: ತನ್ನ ಹೆಸರು, ಹುಟ್ಟಿದ ದಿನ, ಅವ್ವನ ಹೆಸರು, ಅಪ್ಪನ ಹೆಸರು.

ಅಕ್ಕನ ತಮ್ಮ ಸೈಕಲ್ ಹಿಡಿದು ನಿಂತಿದ್ದ. ಕ್ಯಾರಿಯರ್ ಮೇಲೆ ಅಜ್ಜಿ ಆಗಲೇ ಕುಳಿತಿದ್ದಳು.

"ಮೇಡಮ್ಮಾರ, ಆ ಪುಸ್ತಕದಾಗ ನನ್ನ ಹೆಸರು ಹೊಡದು ಹಾಕಿದ್ರೇನು?" ಎಂದ.

"ಇಲ್ಲಣ್ಣ, ಹೊಡಿಯಂಗಿಲ್ಲ. ನಿಂದು ಇದ್ದಲ್ಲೇ ಇರತೈತಿ. ಮಗ್ಗಲದಾಗ ಖರೇ ಅಪ್ಪನ ಹೆಸರು ಬರದೇವಿ."

ಅವನು ತಲೆಯಾಡಿಸಿದ.

"ಹಂಗಾರ ಛಲೋ ಆತು ಬಿಡ್ರಿ" ಎಂದ. "ಅವರಪ್ಪ ಗೋವಾದಾಗ ಅದಾನ. ಸೋಮವಾರ ಟ್ರಂಕ್ ಹೊತ್ಕೊಂಡು ಸಾಲಿಗೆ ಬಿಟ್ಟು ಬರಾಂವ ಹೆಂಗೂ ನಾನ."